ಚನ್ನವ್ವನ ಕಲ್ಲು

ಆ ಕಲ್ಲು ಒಂದು ಜೋಳದ ಕಾಳಿಗಿಂತ ದೊಡ್ಡದಿರಲಿಲ್ಲ. ಅಷ್ಟು ಸಣ್ಣದು ಹನ್ನೊಂದು ದಿನ ಐದು ಜನರ ಮನೆಯನ್ನು ಕುಣಿಸಿತ್ತು. ದೀಪಾವಳಿ ಮುಗಿದ ಮುಂದಿನ ಸೋಮವಾರ ಮುಂಜಾನೆ ಅದು ಚಹಾ ಸೋಸಣಿಗೆಯಲ್ಲಿ ಟಕ್ಕೆಂದು ಬಿದ್ದಾಗ ಚನ್ನವ್ವ ಬಚ್ಚಲಿನಿಂದಲೇ ಕೂಗಿದಳು.

"ಮನೀಷಾ! ಬಿತ್ತ ನೋಡ ಬೇ, ಹಾಳಾದ್ದು!"

ಸೊಸೆ ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ಮೂತ್ರದಲ್ಲಿ ಕಲ್ಲು ಬಿದ್ದರೆ ಚೆಲ್ಲಬೇಡಿ, ಹಿಡಿದು ತನ್ನಿ, ಯಾವುದರಿಂದ ಆಗಿದೆ ಎಂದು ತಪಾಸಣೆಗೆ ಕಳಿಸೋಣ ಎಂದು ಮಿರಜದ ಡಾಕ್ಟರ್ ಬಾಯಿ ಹೇಳಿದ್ದರು. ಅದಕ್ಕೆಂದೇ ಮನೀಷಾ ಅಥಣಿಯಿಂದ ಹೊಸ ಸೋಸಣಿಗೆ ತಂದು, ಅಡುಗೆಮನೆಯದರ ಜೊತೆ ಅದಲುಬದಲಾಗದಿರಲೆಂದು ಹಿಡಿಕೆಗೆ ಕೆಂಪು ದಾರ ಕಟ್ಟಿ, ಬಚ್ಚಲ ಗೂಟಕ್ಕೆ ತೂಗುಹಾಕಿದ್ದಳು. ಆದರೂ ಮಾವ ಲಗಮಣ್ಣ ಹನ್ನೊಂದು ದಿನವೂ ಅಡುಗೆಮನೆಯ ಸೋಸಣಿಗೆಯ ಹಿಡಿಕೆಯನ್ನೊಮ್ಮೆ ನೋಡಿಯೇ ಚಹಾದ ಕಪ್ಪಿಗೆ ಕೈ ಹಾಕುತ್ತಿದ್ದ.

ತೊಳೆದ ಕಲ್ಲನ್ನು ಬಿಳಿ ಹಾಳೆಯ ಮೇಲಿಟ್ಟು ಎಲ್ಲರೂ ಸುತ್ತ ಕೂತರು. ಹನ್ನೆರಡು ವರ್ಷದ ಮೊಮ್ಮಗಳು ದೀಪಾಲಿ ಅಪ್ಪನ ಮೊಬೈಲಿನಲ್ಲಿ ಫೋಟೊ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದಳು. ಕಂದು ಬಣ್ಣ, ಮೈತುಂಬ ಸಣ್ಣ ಸಣ್ಣ ಮೊನೆ.

"ಆಯಿ, ಇದರ ಮೈತುಂಬ ಮುಳ್ಳ ಅದಾವ ನೋಡ!"

"ನನಗ ತೋರಸಬ್ಯಾಡವಾ. ಅದರ ಒಂದೊಂದ ಮುಳ್ಳಿನ ಗುರ್ತ ಐತಿ ನನಗ."

"ಇಷ್ಟಕ್ಕ ಹನ್ನೊಂದ ದಿನ ಒದರಾಡಿದ್ಯಾ?" ಎಂದ ಲಗಮಣ್ಣ, ಚಾಳೀಸು ಏರಿಸಿಕೊಳ್ಳುತ್ತ.

"ನಿಮಗ ಬಂದಿದ್ರ ನಮ್ಮ ತೆಲಸಂಗ ಅಲ್ಲ, ಅಥಣಿ ಮಂದಿಗೂ ಕೇಳತಿತ್ತ." ಚನ್ನವ್ವ ಸೊಸೆಯ ಕಡೆ ತಿರುಗಿದಳು. "ಜ್ವಾಳ ಹಸನ ಮಾಡಿ ಗಿರಣಿಗಿ ಹಾಕಿದ್ರ ಕಲ್ಲ ಯಾಕ ಬರತಾವ? ನಮ್ಮ ಕಾಲದಾಗ ಒಂದೊಂದ ಕಾಳ ನೋಡತಿದ್ವಿ. ಈಗಿನವರು ಮೊರದಾಗ ಜ್ವಾಳ, ಮೊಬೈಲಿನ್ಯಾಗ ಕಣ್ಣ."

"ಅತ್ತಿ, ತಿಂದ ಕಲ್ಲು ಈ ಹಾದಿಗಿ ಬರೂದಿಲ್ರಿ. ಅದರ ಹಾದಿ ಬ್ಯಾರೆ, ಇದರ ಹಾದಿ ಬ್ಯಾರೆ."

"ಒಂದ ಹೊಟ್ಟ್ಯಾಗ ಎಷ್ಟ ಹಾದಿ ಇರತಾವ ಬೇ? ಅದೇನ ಮಿರಜ ಜಂಕ್ಷನ್ನೇನ?"

ಮಗ ಭರತ ನಕ್ಕುಬಿಟ್ಟ. ಹೆಂಡತಿಯ ಮುಖ ನೋಡಿ ನಗೆ ನುಂಗಿಕೊಂಡ. ಆದರೆ ಮನೀಷಾಗೆ ಸಿಟ್ಟು ಬಂದಿರಲಿಲ್ಲ. ಕಲ್ಲು ಜೋಳದ್ದಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು. ಹಾಗಾದರೆ ಯಾವುದರದು? ಮೆತ್ತಗಿನ ಮೈಯೊಳಗೆ, ಬರೀ ನೀರಿನಲ್ಲಿ, ಕಲ್ಲು ಹೇಗೆ ಹುಟ್ಟುತ್ತದೆ? ಇದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಕೂರುವುದಕ್ಕೆ ಕಾರಣವೂ ಇತ್ತು. ಎರಡು ವರ್ಷದಲ್ಲಿ ಚನ್ನವ್ವನಿಗೆ ಇದು ಎರಡನೆಯ ಕಲ್ಲು. ಎಡಗಡೆಯ ಮೂತ್ರಪಿಂಡ ಬಾತಿತ್ತು. ಅದರೊಳಗೆ ಏಳು ಮಿಲಿಮೀಟರಿನ ಇನ್ನೊಂದು ಕಲ್ಲು ಕೂತಿತ್ತು. "ಬಾವು ಇಳೀಬಹುದು," ಎಂದಿದ್ದರು ಡಾಕ್ಟರ್ ಬಾಯಿ. "ಆದ್ರ ಒಳಗಿಂದು ಬೆಳದು ಜಾರಿ ಅಡ್ಡ ಸಿಕ್ಕರ ಆಪರೇಷನ್ನ. ಮತ್ತ ಮತ್ತ ಹಿಂಗ ಆದ್ರ ಆ ಕಿಡ್ನಿ ಕೆಲಸಾನ ಬಿಡತೈತಿ. ಯಾಕ ಬರಾಕತ್ತಾವ ಅನ್ನೂದ ಸಿಗಬೇಕ."

ಐದು ದಿನಕ್ಕೆ ಭರತನ ಮೊಬೈಲಿಗೆ ವರದಿ ಬಂತು. ಕ್ಯಾಲ್ಸಿಯಂ ಆಕ್ಸಲೇಟ್. ಎರಡನೆಯ ಶಬ್ದ ಯಾರಿಗೂ ಗೊತ್ತಿರಲಿಲ್ಲ. ಮೊದಲನೆಯದು ಮನೀಷಾಗೆ ಚೆನ್ನಾಗಿ ಗೊತ್ತಿತ್ತು. ದೀಪಾಲಿ ಹೊಟ್ಟೆಯಲ್ಲಿದ್ದಾಗ ನಿಪ್ಪಾಣಿಯ ತವರಿನಲ್ಲಿ ತಿಂಗಳುಗಟ್ಟಲೆ ಅದೇ ಗುಳಿಗೆ ನುಂಗಿದ್ದಳು.

"ಕ್ಯಾಲ್ಸಿಯಂ ಅಂದ್ರ ಸುಣ್ಣ," ಎಂದಳು ರಾತ್ರಿ ಊಟಕ್ಕೆ ಬಡಿಸುತ್ತ. "ಬೋರಿನ ನೀರ ಕಾಸಿದ್ರ ಹಂಡೆದ ತಳಕ್ಕ ಬೆಳ್ಳಗ ಹತ್ತತೈತಲ್ಲ, ಹಂಗ. ಸುಣ್ಣ ಎಲ್ಲೆಲ್ಲಿಂದ ಹೊಟ್ಟಿಗಿ ಹೋಗತೈತಿ, ಅಷ್ಟೂ ಬಂದ್ ಮಾಡಬೇಕ."

"ಎಲ್ಲೆಲ್ಲಿಂದ?" ಚನ್ನವ್ವ ಕೇಳಿದಳು, ಅನುಮಾನದಿಂದ.

"ಎಲಿ ಅಡಕಿ ಜೋಡಿ ಹಚ್ಚೂ ಸುಣ್ಣ. ಹಾಲ. ಮಸರ. ಮಜ್ಜಗಿ."

ತಾಟುಗಳ ಸದ್ದು ನಿಂತಿತು. ಎರಡು ಎಮ್ಮೆ ಕಟ್ಟಿದ ಮನೆ ಅದು.

"ಸುಣ್ಣಾ ಬಿಡತೀನಿ, ಹೋಗಲಿ. ಮಸರ?" ಚನ್ನವ್ವನ ದನಿ ಏರಿತು. "ರೊಟ್ಟಿ, ಶೇಂಗಾ ಹಿಂಡಿ ಚಟ್ನಿ, ಮ್ಯಾಲ ಮಸರ, ಹಲ್ಲ ಬಂದಾಗಿಂದ ತಿಂದೀನಿ. ಮಸರ ಇಲ್ಲದ ಹಿಂಡಿ ಗಂಟಲದಾಗ ಹ್ಯಾಂಗ ಇಳೀಬೇಕ?"

"ಎಣ್ಣಿ ಹಾಕ್ಕೊಂಡ ತಿನ್ರಿ."

"ಕೇಳಿದ್ರ್ಯಾ? ನಿಮ್ಮ ಸೊಸಿ ನನ್ನ ಮಸರಿಗಿ ಕೈ ಹಾಕಿದ್ಲು."

"ಆಕಿ ಓದಿದಾಕಿ. ಹೇಳಿದಂಗ ಕೇಳ," ಎಂದ ಲಗಮಣ್ಣ, ತನ್ನ ತಾಟಿಗೆ ಎರಡು ಸೌಟು ಮೊಸರು ಸುರಿದುಕೊಳ್ಳುತ್ತ.

ಅತ್ತೆ ಜಗಳಾಡಿಯೇ ತೀರುತ್ತಾಳೆ ಎಂದುಕೊಂಡಿದ್ದಳು ಮನೀಷಾ. ಆದರೆ ಚನ್ನವ್ವ ಮರುದಿನದಿಂದ ಮೊಸರಿನ ಗಡಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ದಿನಾ ನಸುಕಿನಲ್ಲಿ ಮಜ್ಜಿಗೆ ಕಡೆಯುವವಳು ಅವಳೇ. ಕಡೆದು, ಬೆಣ್ಣೆ ತೆಗೆದು, ಮೊಣಕೈತನಕ ಹತ್ತಿದ್ದನ್ನು ತಣ್ಣೀರಿನಲ್ಲಿ ತೊಳೆದುಬಿಡುತ್ತಿದ್ದಳು. ಒಂದು ಬೆರಳನ್ನೂ ಬಾಯಿಗಿಡಲಿಲ್ಲ. ಮನೀಷಾ ಅದನ್ನು ಒಲೆಯ ಮುಂದಿನಿಂದ ನೋಡಿದಳು. ಇಷ್ಟು ನೇಮದಿಂದ ಇರುವವಳನ್ನು ತಾನು ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕು ಎಂದುಕೊಂಡಳು. ಹಸಿರು ತಿಂದರೆ ಮೈ ಸ್ವಚ್ಛವಾಗುತ್ತದೆಂದು ಒಂದು ದಿನ ಪಾಲಕ, ಒಂದು ದಿನ ರಾಜಗಿರಿ ಪಲ್ಯ ಮಾಡಿದಳು. ವಾರಕ್ಕೆರಡು ಸಲ ಹುರುಳಿ ಕಟ್ಟು. ಹೊಲಕ್ಕೆ ಹೋಗುವಾಗ ಎರಡು ಲೀಟರಿನ ಬಾಟಲಿ ತುಂಬಿ ಚೀಲದಲ್ಲಿಟ್ಟಳು.

ಬಾಟಲಿ ಪ್ರತಿ ಸಂಜೆ ಖಾಲಿಯಾಗಿ ಬರುತ್ತಿತ್ತು. ದೀಪಾಲಿ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು.

"ಎರಡ ಲೀಟರ್ ಕುಡದ್ಯಾ, ಆಯಿ?"

"ಖಾಲಿ ಆಗೇತಿಲ್ಲ? ಗೀರ ಎಳಿ."

ಹೀಗೆ ಐದು ವಾರ ಕಳೆಯಿತು. ಡಿಸೆಂಬರಿನಲ್ಲಿ ಮತ್ತೆ ಮಿರಜಕ್ಕೆ ಹೋಗಿಬಂದಾಗ ಭರತನ ಕೈಯಲ್ಲಿ ಒಂದು ಬಿಳಿ ಕ್ಯಾನಿತ್ತು. ದೀಪಾಲಿ ಚೀಟಿ ಓದಿ ಹೇಳಿದಳು. ಮುಂಜಾನೆಯ ಮೊದಲನೆಯದು ಬಿಡಬೇಕು. ಆಮೇಲಿನಿಂದ ಮರುದಿನ ಮುಂಜಾನೆಯ ಮೊದಲನೆಯದರತನಕ ಒಂದು ಹನಿಯೂ ಚೆಲ್ಲದೆ ಈ ಕ್ಯಾನಿನಲ್ಲಿ ಹಿಡಿಯಬೇಕು. ದಿನಾ ಇರುವಂತೆಯೇ ಇರಬೇಕು.

"ನನ್ನ ಉಚ್ಚಿ ಕೂಡಿಟ್ಟ ಮಿರಜಿಗಿ ಒಯ್ಯಾಂವರ ನೀವು?" ಚನ್ನವ್ವ ಸೆರಗು ಬಾಯಿಗೆ ಹಿಡಿದಳು. "ದಾರ್ಯಾಗ ಬೀಗರ ಯಾರರ ಸಿಕ್ಕ, ಏನ್ರಿ ಅದು ಅಂದ್ರ?"

"ದ್ರಾಕ್ಷಿಗಿ ಹೊಡಿಯೂ ಔಷಧ ಅಂತೀನಿ," ಎಂದ ಭರತ.

"ಒಂದೀಟ ನಮಗೂ ಕೊಡ ಅಂದ್ರ?"

ನಕ್ಕು ನಕ್ಕು ಅಂತೂ ಒಪ್ಪಿದಳು. ಮರುದಿನ ಕ್ಯಾನನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಹೊಲಕ್ಕೆ ಒಯ್ದಳು. ಸಂಜೆ ಬಂದು ಬಚ್ಚಲ ಮೂಲೆಗಿಟ್ಟಳು. ಮನೀಷಾ ಸರಿಸಲೆಂದು ಎತ್ತಿದರೆ ಕೈ ಮೇಲಕ್ಕೆ ಹಾರಿತು. ಕೊಟ್ಟಾಗ ಎಷ್ಟು ಹಗುರವಿತ್ತೋ ಅಷ್ಟೇ ಹಗುರ.

"ಅತ್ತಿ, ಮುಂಜಾನಿಂದ ಒಮ್ಮ್ಯೂ ಹೋಗಿಲ್ಲೇನ್ರಿ?"

"ಬರಲಿಲ್ಲ."

"ಬಾಟಲಿ ಖಾಲಿ ಆಗೇತಿ."

"ಬೆವರಾಗಿ ಹೋತ."

ಹೊರಗೆ ಚಳಿಗಾಳಿ ಬೀಸುತ್ತಿತ್ತು. ಲಗಮಣ್ಣ ಕಂಬಳಿ ಹೊದ್ದು ಕೂತಿದ್ದ. ಮರುದಿನ ಮುಂಜಾನೆಗೂ ಕ್ಯಾನಿನಲ್ಲಿದ್ದದ್ದು ಒಂದು ತಂಬಿಗೆಗಿಂತ ಕಡಿಮೆ. ಭರತ ಅದನ್ನು ತೆಗೆದುಕೊಂಡು ಹೋದ. ಎರಡು ಲೀಟರು ಒಳಗೆ ಹೋಗಿ ಹೊರಗೆ ಬರುವುದಿಲ್ಲವೆಂದರೆ ಎಲ್ಲಿ ಹೋಗುತ್ತದೆ? ಪಾತ್ರೆ ತಿಕ್ಕುವಾಗಲೂ, ಸೆಗಣಿ ಬಾಚುವಾಗಲೂ ಮನೀಷಾಗೆ ಅದೇ ಲೆಕ್ಕ.

ಮರುದಿನ ಅವಳು ಬುತ್ತಿ ಕಟ್ಟಿಕೊಂಡು ದಿನಕ್ಕಿಂತ ಒಂದು ತಾಸು ಮೊದಲೇ ತೋಟಕ್ಕೆ ಹೋದಳು. ಆಳಿಗಿಂತ ಎತ್ತರದ ದ್ರಾಕ್ಷಿ ಚಪ್ಪರ, ಮೇಲೆಲ್ಲ ಎಲೆ, ಕೆಳಗೆ ಕಸವಿಲ್ಲದೆ ಬಳಿದಂತಿದ್ದ ನೆಲ. ಹದಿನೈದು ಹೆಂಗಸರು ಕತ್ತರಿ ಹಿಡಿದು ಗೊನೆಯಲ್ಲಿನ ಹೆಚ್ಚಿನ ಕಾಯಿ ಉದುರಿಸುತ್ತಿದ್ದರು. ಬೇಲಿಯ ಬಳಿಯಿಂದಲೇ ಕಂಡಿತು. ಚನ್ನವ್ವ ಚೀಲದಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ, ಒಂದು ಗುಟುಕಿನಿಂದ ಬಾಯಿ ತೊಯಿಸಿಕೊಂಡು, ಉಳಿದದ್ದನ್ನೆಲ್ಲ ಬಳ್ಳಿಯ ಬುಡಕ್ಕೆ ನಿಧಾನವಾಗಿ ಸುರಿದಳು.

ಮನೀಷಾ ಹತ್ತಿರ ಹೋಗಿ ಬುತ್ತಿ ಕೆಳಗಿಟ್ಟಳು.

"ಅದಕ್ಕ ಡ್ರಿಪ್ ನೀರ ಸಾಕಾಗೂದಿಲ್ಲೇನ್ರಿ, ಅತ್ತಿ?"

ಚನ್ನವ್ವ ಬೆಚ್ಚಿದಳು. ಬೈಯುತ್ತಾಳೆಂದು ಮನೀಷಾ ಕಾದಳು. ಚನ್ನವ್ವ ಬೈಯಲಿಲ್ಲ. ಸೊಸೆಯ ಭುಜ ಹಿಡಿದು ಸಾಲಿನ ನಡುವೆ ನಿಲ್ಲಿಸಿದಳು.

"ಇಲ್ಲಿ ನಿಂತ ನೋಡ. ಆ ತುದ್ಯಾಗ ಯಾರ ಅದಾರ?"

"ಬಾಜೂ ಹೊಲದ ಧರಣೇಂದ್ರಣ್ಣಾರು. ಅವರ ಆಳ."

"ಅವರ ಕಾಲಾಗಿನ ಚಪ್ಪಲಿ ಎಂಥಾದ ಐತಿ?"

"ನೀಲಿದು."

"ನಿನಗ ಅವರ ಚಪ್ಪಲಿ ಬಣ್ಣ ಕಾಣತೈತಿ ಅಂದ್ರ ಅವರಿಗಿ ನಾವು ಕಾಣೂದಿಲ್ಲ?" ಚನ್ನವ್ವ ದನಿ ತಗ್ಗಿಸಿದಳು. "ಮದಲ ಇಲ್ಲಿ ಜ್ವಾಳ ಇತ್ತವಾ. ನಾಕ ಹೆಜ್ಜಿ ಒಳಗ ಹೋಗಿ ಕುಂತ್ರ ದೇವರಿಗೂ ಕಾಣತಿರಲಿಲ್ಲ. ನಿಮ್ಮ ಮಾವ ಜ್ವಾಳ ಕಿತ್ತ ದ್ರಾಕ್ಷಿ ಹಚ್ಚಿದ್ರು. ರೊಕ್ಕ ಬಂತ, ಮನಿ ಬಂತ, ಬ್ಯಾಡ ಅನ್ನೂದಿಲ್ಲ. ಮರಿಯಾಗಿ ಕುಂಡ್ರೂ ಜಾಗಾ ಹೋತ. ಅವತ್ತಿಂದ ಮನಿ ಬಿಟ್ಟ ಮ್ಯಾಲ ಹೊತ್ತ ಮುಣಗೂತನಾ ನಾ ನೀರ ಕುಡಿಯೂದಿಲ್ಲ."

"ಎಷ್ಟ ವರ್ಷ ಆತ್ರಿ?"

"ನಿನ್ನ ಗಂಡ ಹತ್ತನೇತ್ತಿ ಓದತಿದ್ದ. ನೀನ ಎಣಸ."

ಇಪ್ಪತ್ತು ವರ್ಷ. ಮನೀಷಾ ಉಳಿದ ಹೆಂಗಸರ ಕಡೆ ನೋಡಿದಳು. ಎಲ್ಲರೂ ಕೇಳಿಸಿಕೊಂಡಿದ್ದರು. ಸಕ್ಕುಬಾಯಿ ಕತ್ತರಿ ನಿಲ್ಲಿಸದೆಯೇ ನಕ್ಕಳು.

"ನಮ್ಮದೂ ಅದ ಐತ್ರಿ ವೈನಿ. ದ್ರಾಕ್ಷಿ ತೋಟಕ್ಕ ಬರೂ ಹೆಣ್ಣಮಕ್ಕಳ ಬಾಯಿ ತೊಯಿಸ್ಕೋತಾರ ಅಷ್ಟ. ಕಬ್ಬಿಗಿ ಹೋದ ದಿನ ಹೊಟ್ಟಿ ತುಂಬ ಕುಡೀತೀವ್ರಿ."

ಮನೀಷಾ ದಿನಾ ಬುತ್ತಿ ಕೊಟ್ಟು ಅರ್ಧ ತಾಸಿಗೆ ತಿರುಗಿ ಹೋಗುವವಳು. ಅವಳಿಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ.

ಆ ವಾರದ ಕೊನೆಗೆ ಅತ್ತೆ ಸೊಸೆ ಇಬ್ಬರೂ ಮಿರಜದಲ್ಲಿ ಡಾಕ್ಟರ್ ಬಾಯಿಯ ಮುಂದೆ ಕೂತಿದ್ದರು. ಮನೀಷಾ ಹೊಲದ ಮಾತನ್ನು ಹೇಳಿದಳು. ಡಾಕ್ಟರ್ ಬಾಯಿ ತಲೆಯಾಡಿಸಿದರು.

"ಆರನೂರಾ ಐವತ್ತ ಎಮ್ಮೆಲ್ ಅಷ್ಟ ಆಗೇತಿ ಆಜಿ. ಎರಡೂವರಿ ಲೀಟರ್ ಆಗಬೇಕ. ಬೆಲ್ಲದ ಪಾಕ ನೋಡೀರಲ್ಲ? ನೀರ ಇರೂತನಾ ಎಲ್ಲಾ ಕರಗಿರತೈತಿ. ನೀರ ಹಿಂಗಿತು ಅಂದ್ರ ಹರಳ ಕಟ್ಟತೈತಿ. ನಿಮ್ಮ ಒಳಗೂ ಅದ."

"ಅಂದ್ರ ಜ್ವಾಳದ ಕಲ್ಲ ಅಲ್ಲ?"

"ಜ್ವಾಳದ್ದಲ್ಲ."

ಚನ್ನವ್ವ ಸೊಸೆಯ ಕಡೆ ನೋಡದೆ ಗೋಡೆಯ ಕಡೆ ನೋಡಿದಳು. ಡಾಕ್ಟರ್ ಬಾಯಿ ಕಾಗದದ ಮೇಲೆ ಇನ್ನೊಂದು ಸಾಲಿಗೆ ಬೆರಳಿಟ್ಟರು. "ಆಕ್ಸಲೇಟ್ ಭಾಳ ಹೆಚ್ಚ ಐತಿ. ಊಟಾ ಏನ?"

ಮನೀಷಾ ಹುರುಪಿನಿಂದ ಒಂದೂ ಬಿಡದೆ ಹೇಳಿದಳು. ಪಾಲಕ, ರಾಜಗಿರಿ, ಹುರುಳಿ ಕಟ್ಟು, ಶೇಂಗಾ ಹಿಂಡಿ. ಸುಣ್ಣ ಹೆಚ್ಚಾಗಬಾರದೆಂದು ಹಾಲು, ಮೊಸರು ಪೂರಾ ಬಂದ್.

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. "ಅಲ್ಲೇ ತಪ್ಪೇತಿ ನೋಡವಾ. ಆಕ್ಸಲೇಟ್ ಪಾಲಕದಾಗ, ರಾಜಗಿರ್ಯಾಗ, ಶೇಂಗಾದಾಗ ಇರತೈತಿ. ಮಸರಿನಾಗ ಸುಣ್ಣ ಇರತೈತಿ. ಎರಡೂ ಒಂದ ತಾಟಿನ್ಯಾಗ ಉಂಡ್ರ ಹೊಟ್ಟ್ಯಾಗ ಒಂದಕ್ಕೊಂದ ಹಿಡಕೊಂಡ ಮಲದಾಗ ಹೋಗಿಬಿಡತಾವ. ಮಸರ ಇಲ್ಲಂದ್ರ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕ ಇಳೀತೈತಿ, ಕಿಡ್ನ್ಯಾಗ ಹೋಗಿ ಅಲ್ಲೀ ಸುಣ್ಣ ಹಿಡಕೊಂಡ ಕಲ್ಲ ಆಗತೈತಿ. ಹಿಂಡಿ ಜೋಡಿ ಮಸರ ಉಣ್ಣೂದ ನಿಮ್ಮ ಹಿರ್ಯಾರ ಸುಮ್ನ ಹಚ್ಚಿಲ್ಲ. ಆ ಎರಡ ಪಲ್ಯಾ ಕಡಿಮಿ ಮಾಡ್ರಿ, ಉಪ್ಪ ಕಡಿಮಿ ಮಾಡ್ರಿ, ಮಸರ ಬಿಡಬ್ಯಾಡ್ರಿ. ಯಾರ ಬಿಡಿಸಿದ್ರ ಇದನ್ನ?"

ಮನೀಷಾಗೆ ಕಿವಿ ಬಿಸಿಯಾಯಿತು. ಐದು ವಾರ ಒಲೆಯ ಮುಂದೆ ಕೂತು, ಪ್ರೀತಿಯಿಂದ, ತಾನೇ ಕಲ್ಲಿಗೆ ಮೇವು ಹಾಕಿದಂತಾಗಿತ್ತಲ್ಲ! ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಚನ್ನವ್ವ ಅಂದಳು:

"ನಾನ ಬಿಟ್ಟಿದ್ನಿರಿ ಬಾಯಿ. ಥಂಡಿಗಿ ಮಸರ ಸೇರವಲ್ದಾಗಿತ್ತ."

ಅಂದು ರಾತ್ರಿ ಮನೀಷಾ ಅತ್ತೆಯ ತಾಟಿಗೆ ಹಿಂಡಿ ಹಾಕಿ, ಅದರ ಮೇಲೆ ಮೊಸರು ಹಾಕಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಚನ್ನವ್ವ ತಾಟು ನೋಡುತ್ತಲೇ ಹೇಳಿದಳು, "ಇನ್ನೊಂದ ಸೌಟ ಹಾಕ. ಕಣ್ಣೀರ ಹಾಕಬ್ಯಾಡ, ಉಪ್ಪ ಕಡಿಮಿ ಮಾಡಂದಾರ."

ನೀರಿನ ಮಾತು ಮಾತ್ರ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ತೋಟದಲ್ಲಿ ಒಂದು ಪಾಯಖಾನೆ ಬೇಕೆಂದು ಮನೀಷಾ ಮಾವನ ಮುಂದೆಯೇ ಇಟ್ಟಳು.

"ಹಂಗಾಮ ಮುಗೀಲಿ, ನೋಡೂಣು," ಎಂದ ಲಗಮಣ್ಣ. "ಇಪ್ಪತ್ತ ವರ್ಷ ಆತ, ಒಬ್ಬ ಹೆಣ್ಣಮಗಳೂ ನನ್ನ ಮುಂದ ಹೇಳಿಲ್ಲ."

"ಹೇಳೂ ಮಾತೇನ್ರಿ ಅದು?" ಎಂದಳು ಚನ್ನವ್ವ.

"ಹೇಳದಿದ್ರ ನನಗ ಹ್ಯಾಂಗ ತಿಳೀಬೇಕ? ನನ್ನ ದ್ರಾಕ್ಷಿಗೂ ನಿನ್ನ ಕಲ್ಲಿಗೂ ಗಂಟ ಹಾಕತೀರೇನ?"

ಹಂಗಾಮು ಮುಗಿಯುವುದು ಏಪ್ರಿಲಿಗೆ. ಅಷ್ಟು ದಿನ ಒಳಗಿನ ಕಲ್ಲು ಕಾಯುತ್ತದೆಯೇ? ಮನೀಷಾ ಮರುದಿನ ಎಮ್ಮೆಗಳಿಗೆ ಮೇವು ಹಾಕಿ, ಮಣೂಕದ, ಎಂದರೆ ಒಣದ್ರಾಕ್ಷಿಯ, ಶೆಡ್ಡಿಗೆಂದು ತಂದಿಟ್ಟಿದ್ದ ಹೊಸ ಹಸಿರು ನೆಟ್ಟಿನ ಸುರುಳಿ ಹೊತ್ತುಕೊಂಡು ತೋಟಕ್ಕೆ ಹೋದಳು. ಸಕ್ಕುಬಾಯಿ ಕತ್ತರಿ ಕೊಟ್ಟಳು. ಭರತ ಏನೂ ಕೇಳದೆ ಗುಂಡಿ ತೋಡಿ, ಎರಡು ಹಾಸುಗಲ್ಲು ಕೂರಿಸಿ, ನೀರಿನ ಡ್ರಮ್ಮು ಇಟ್ಟ. ಹೊಲದಂಚಿನ ಬಾಂದದ ಮೂಲೆಯಲ್ಲಿ ನಾಲ್ಕು ಕಬ್ಬಿಣದ ಕಂಬಕ್ಕೆ ಹಸಿರು ನೆಟ್ಟನ್ನು ಎರಡು ಪದರಾಗಿ ಸುತ್ತಿದರು.

ಲಗಮಣ್ಣ ಬಂದು ನೋಡಿ ಹೌಹಾರಿದ.

"ಮಣೂಕದ ನೆಟ್! ಹೊಸಾದ! ಯಾರ ಕತ್ತರಿಸಿದ್ರ?"

"ನಾನ ಮಾವಾರ," ಎಂದಳು ಮನೀಷಾ. "ಮಣೂಕಕ್ಕ ನೆರಳ ಬೇಕಂತ ನಿಮಗ ಯಾರೂ ಹೇಳಿರಲಿಲ್ಲ. ನೀವ ತಿಳಕೊಂಡ ತಂದ್ರಿ."

ಲಗಮಣ್ಣ ಹೆಂಡತಿಯ ಕಡೆ ನೋಡಿದ. ಚನ್ನವ್ವ ಸೊಸೆಯ ಪಕ್ಕಕ್ಕೆ ಬಂದು ನಿಂತಿದ್ದಳು. ಆತ ಬುತ್ತಿ ಉಣ್ಣದೆ ಮನೆಗೆ ಹೋದ. ಎರಡು ದಿನ ತೋಟದ ಕಡೆ ಬರಲಿಲ್ಲ. ಮೂರನೆಯ ದಿನ ಬಂದು, ನೆಟ್ಟಿನ ಕೆಳಗಿನ ಅಂಚು ಗಾಳಿಗೆ ಏಳುತ್ತದೆಂದು ಗೊಣಗುತ್ತ ಸುತ್ತಲೂ ಕಲ್ಲು ಹೇರಿದ. ಆಮೇಲೆ ಒಂದು ತಗಡಿನ ಬಾಗಿಲು ತರಿಸಿ ಕೂರಿಸಿದ, ಒಳಗಿನಿಂದ ಅಗಳಿ ಇಟ್ಟು.

ಆಳಿನ ಹೆಂಗಸರು ಮೊದಲ ದಿನವೇ ನಗುತ್ತ ಹೋಗಿಬಂದರು. ಚನ್ನವ್ವ ಹೋಗಲಿಲ್ಲ. "ಆ ಬಾಗಲಾ ತಗದ್ರ ಇಡೀ ಊರಿಗಿ ಕೇಳಸತೈತಿ," ಎಂದಳು. ಇಪ್ಪತ್ತು ವರ್ಷ ಮುಚ್ಚಿಕೊಂಡದ್ದು ಒಂದು ನೆಟ್ಟಿಗೆ ತೆರೆಯುವುದಿಲ್ಲ ಎಂದು ಮನೀಷಾಗೆ ಅರ್ಥವಾಯಿತು. ಅವಳು ಒತ್ತಾಯ ಮಾಡಲಿಲ್ಲ. ದಿನಾ ತೋಟಕ್ಕೆ ಬಂದು, ಪಕ್ಕದಲ್ಲಿ ಕೂತು, ತಾಸಿಗೊಂದು ಲೋಟ ಲಿಂಬೆಹಣ್ಣಿನ ನೀರು ಕೊಟ್ಟಳು, ಉಪ್ಪು ಹಾಕದೆ. ತಾನೂ ಒಂದು ಕುಡಿದಳು. ಮೊದಲ ದಿನ ಒಂದು ಲೋಟ. ನಾಲ್ಕನೆಯ ದಿನ ಮೂರು. ಐದನೆಯ ದಿನ ಮಧ್ಯಾಹ್ನ ಚನ್ನವ್ವ ಕತ್ತರಿಯನ್ನು ಸೊಸೆಯ ಉಡಿಗೆ ಒಗೆದು, ಎದ್ದು, ಬಾಂದದ ಕಡೆ ಸರಸರನೆ ನಡೆದಳು. ಯಾರೂ ತಲೆಯೆತ್ತಿ ನೋಡಲಿಲ್ಲ. ಹದಿನೈದು ಕತ್ತರಿಗಳೂ ಒಮ್ಮೆಲೇ ಜೋರಾಗಿ ಸದ್ದು ಮಾಡಿದವು.

ಫೆಬ್ರುವರಿ ಕೊನೆಗೆ ಗೊನೆ ಕೊಯ್ಯುವ ಗಡಿಬಿಡಿಯ ನಡುವೆ ದೊಡ್ಡವರು ನಾಲ್ವರೂ ಕಾರಿನಲ್ಲಿ ಮಿರಜಕ್ಕೆ ಹೋದರು. ಡಾಕ್ಟರ್ ಬಾಯಿ ಸ್ಕ್ಯಾನಿನ ಪರದೆಯನ್ನು ಚನ್ನವ್ವನ ಕಡೆ ತಿರುಗಿಸಿ ತೋರಿಸಿದರು. ಬಾವು ಇಳಿದಿತ್ತು. ಕಲ್ಲು ಅಲ್ಲೇ ಇತ್ತು, ಏಳು ಮಿಲಿಮೀಟರು, ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ.

"ಅದು ಕರಗೂದಿಲ್ಲೇನ್ರಿ?"

"ಈ ಜಾತಿದು ಕರಗೂದಿಲ್ಲ ಆಜಿ. ಅದು ಬೆಳೀಬಾರದು, ಹೊಸಾವು ಹುಟ್ಟಬಾರದು. ಇವತ್ತ ಕುಡದಂಗ ದಿನಾ ನೀರ ಕುಡೀರಿ. ಸದ್ಯಕ್ಕ ಆಪರೇಷನ್ ಬ್ಯಾಡ."

ಹೊರಗೆ ಬಂದು ಭರತ ಎಲ್ಲರಿಗೂ ಎಳನೀರು ಕೊಡಿಸಿದ. ಚನ್ನವ್ವ ಎರಡು ಕುಡಿದಳು. ಕಾರು ಗಡಿ ದಾಟಿ ಕಾಗವಾಡಕ್ಕೆ ಬರುತ್ತಿದ್ದಂತೆ ಹಿಂದಿನ ಸೀಟಿನಿಂದ ದನಿ ಬಂತು.

"ಭರತ, ಗಾಡಿ ನಿಲ್ಲಸ."

"ಯಾಕವಾ?"

"ಯಾಕ ಅಂದ್ರ? ಹೋಗಬೇಕಾಗೇತಿ."

ಮುಂದೆ ಪೆಟ್ರೋಲ್ ಬಂಕು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಹತ್ತಿಪ್ಪತ್ತು ಗಂಡಸರು ಚಹಾ ಕುಡಿಯುತ್ತಿದ್ದರು. ಲಗಮಣ್ಣ ಹಿಂದಕ್ಕೆ ತಿರುಗಿದ.

"ಇಲ್ಲಿ ಗಂಡಸರ ಭಾಳ ಅದಾರ. ಅಥಣಿ ಬರಲಿ, ಮುಕ್ಕಾಲ ತಾಸಿನ ಮಾತ. ತಡಕೋ."

"ಇಪ್ಪತ್ತ ವರ್ಷ ತಡಕೊಂಡೀನಿ," ಎಂದಳು ಚನ್ನವ್ವ. "ತಡಕೊಂಡ ತಡಕೊಂಡ ಎರಡ ಕಲ್ಲ ಹಡದೀನಿ. ಇನ್ನ ಕಾಗವಾಡದಿಂದ ಅಥಣಿತನಾನೂ ತಡಿಯೂದಿಲ್ಲ. ನಿಲ್ಲಸಲೇ ಗಾಡಿ!"

ಭರತ ನಿಲ್ಲಿಸಿದ. ಮನೀಷಾ ಜೊತೆಗೆ ಇಳಿಯಲು ಹೋದಳು, ಚನ್ನವ್ವ ಬೇಡವೆಂದು ಕೈ ಮಾಡಿದಳು. ಸೆರಗು ಸರಿಮಾಡಿಕೊಂಡು ಟ್ರ್ಯಾಕ್ಟರುಗಳ ನಡುವಿನಿಂದ, ಗಂಡಸರ ನಡುವಿನಿಂದ ನೆಟ್ಟಗೆ ನಡೆದು, ಪೆಟ್ರೋಲು ಹಾಕುತ್ತಿದ್ದವನ ಮುಂದೆ ನಿಂತಳು.

"ಹೆಣ್ಣಮಕ್ಕಳ ಪಾಯಖಾನಿ ಎಲ್ಲೈತ್ಯೋ ಯಪ್ಪಾ?"

ಆತ ಕಕ್ಕಾಬಿಕ್ಕಿಯಾಗಿ ಮೂಲೆಗೆ ಕೈ ತೋರಿಸಿದ. "ಅಲ್ಲೈತ್ರಿ ಆಯಿ. ಕೀಲಿ ಹಾಕೇತ್ರಿ."

"ತಗಿ ಮತ್ತ."

ಆತ ಪೆಟ್ರೋಲಿನ ಪೈಪನ್ನು ಹಾಗೇ ಸಿಕ್ಕಿಸಿ ಕೀಲಿಕೈ ತರಲು ಓಡಿದ. ಚಹಾದ ಮಾತುಗಳು ನಿಂತಿದ್ದವು. ಚನ್ನವ್ವ ಆ ಬಾಗಿಲ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಎಲ್ಲರಿಗೂ ಕಾಣುವಂತೆ ನಿಂತಳು.